ಕ್ಲೇರ್ ಮೆಕ್‌ಕಾರ್ಡೆಲ್ ಮತ್ತು ಹೆಣ್ಣು ತಾನೇ ತೊಡಬಲ್ಲ ಉಡುಪು: ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಲೇರ್ ಮೆಕ್‌ಕಾರ್ಡೆಲ್ ಯಾರು?

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಫ್ರೆಡರಿಕ್ ಎಂಬ ಊರಿನಲ್ಲಿ 1905ರ ಮೇ 24ರಂದು ಹುಟ್ಟಿದ ಉಡುಪು ವಿನ್ಯಾಸಕಿ ಅವರು. 1930ರ ದಶಕದಿಂದ 1958ರ ಮಾರ್ಚ್‌ನಲ್ಲಿ ತೀರಿಕೊಳ್ಳುವವರೆಗೆ ನ್ಯೂಯಾರ್ಕಿನ ಸಿದ್ಧ ಉಡುಪಿನ ಉದ್ಯಮದಲ್ಲಿ ದುಡಿದರು. ಸಿರಿವಂತರಿಗಾಗಿ ಒಂದೊಂದಾಗಿ ಕೈಯಲ್ಲಿ ಹೊಲಿಯುವ ಉಡುಪುಗಳಿಗಿಂತ, ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಾಗಿ ಅಂಗಡಿಯಲ್ಲಿ ಮಾರಾಟವಾಗುವ ಉಡುಪುಗಳಲ್ಲೇ ಅವರಿಗೆ ಹೆಚ್ಚಿನ ಆಸಕ್ತಿಯಿತ್ತು. ‘ಅಮೆರಿಕನ್ ಲುಕ್’ ಎಂದು ಕರೆಯಲಾಗುವ ಸರಳ, ಸಡಿಲ, ಓಡಾಟಕ್ಕೆ ಒದಗುವ ಉಡುಗೆಯ ಶೈಲಿಗೆ ಬುನಾದಿ ಹಾಕಿದವರಲ್ಲಿ ಅವರ ಹೆಸರು ಮೊದಲ ಸಾಲಿನಲ್ಲಿದೆ.

ಅವರ ಕಾಲಕ್ಕೆ ಹೆಂಗಸರ ಉಡುಪಿನಲ್ಲಿ ಅಂಥ ತೊಡಕು ಏನಿತ್ತು?

ಬೆನ್ನ ಮೇಲಿನ ಗುಂಡಿಗಳಿಂದಲೇ ಆರಂಭಿಸಬಹುದು. ಒಳ್ಳೆಯ ಉಡುಪು ಎಂದರೆ ಹಿಂಬದಿಯಲ್ಲಿ ಸಾಲಾಗಿ ಗುಂಡಿಯೋ ಕೊಕ್ಕೆಯೋ ಇರುವ ಉಡುಪು ಎಂಬ ರೂಢಿ ಬಹಳ ಕಾಲ ನಡೆದುಬಂದಿತ್ತು. ಅಂಥ ಉಡುಪನ್ನು ತೊಡಲು ಕೆಲಸದಾಕೆಯೋ ಅಕ್ಕತಂಗಿಯರೋ ಗಂಡನೋ ಬೆನ್ನ ಹಿಂದೆ ನಿಲ್ಲಬೇಕಿತ್ತು. ಒಂಟಿಯಾಗಿ ಬಾಡಿಗೆ ಕೋಣೆಯಲ್ಲಿದ್ದು ಕಚೇರಿಗೆ ಹೋಗುವ ಹೆಣ್ಣುಮಗಳು ಬೆಳಗ್ಗೆ ತನ್ನ ಉಡುಪನ್ನು ತಾನೇ ಪೂರ್ತಿಯಾಗಿ ಮುಚ್ಚಿಕೊಳ್ಳಲಾರಳು ಎಂಬುದನ್ನು ವಿನ್ಯಾಸ ಮಾಡುವವರು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಇದರ ಮೇಲೆ ಸೊಂಟ ಬಿಗಿಯುವ ಒಳ ಉಡುಪು, ಹೆಜ್ಜೆಯನ್ನು ಗಿಡ್ಡ ಮಾಡುವ ಲಂಗ, ಜೇಬಿನ ಅಭಾವ ಇವೆಲ್ಲ ಸೇರಿಕೊಂಡಿದ್ದವು.

ಇನ್ನೊಂದು ತೊಡಕು ಉದ್ಯಮದೊಳಗಿನದು. ನ್ಯೂಯಾರ್ಕಿನ ತಯಾರಕರು ಪ್ಯಾರಿಸ್ಸಿಗೆ ಹೋಗಿ, ಅಲ್ಲಿನ ಪ್ರದರ್ಶನಗಳನ್ನು ನೋಡಿ, ನೆನಪಿನಿಂದಲೋ ಕದ್ದು ಬರೆದ ಚಿತ್ರದಿಂದಲೋ ನಕಲು ಮಾಡಿ ಮಾರುತ್ತಿದ್ದರು. ಸ್ವತಃ ಮೆಕ್‌ಕಾರ್ಡೆಲ್ ಕೂಡ ವೃತ್ತಿಯ ಆರಂಭದಲ್ಲಿ ಅದೇ ಕೆಲಸಕ್ಕಾಗಿ ಪ್ಯಾರಿಸ್ಸಿಗೆ ಹೋಗಿಬಂದವರು. ಯಾವಳೋ ಶ್ರೀಮಂತೆಯ ಸಂಜೆಯ ಔತಣಕ್ಕೆಂದು ಕಲ್ಪಿಸಿದ ಉಡುಪು, ಅಗ್ಗದ ಬಟ್ಟೆಯಲ್ಲಿ, ಬಸ್ಸು ಹತ್ತಿ ಕೆಲಸಕ್ಕೆ ಹೋಗುವವಳ ಮೈಮೇಲೆ ಬರುತ್ತಿತ್ತು.

ಅವರು ಕೆಲಸ ಕಲಿತದ್ದು ಹೇಗೆ?

ಮೂವರು ಸೋದರರ ಜೊತೆ ಬೆಳೆದ ಹುಡುಗಿ. ಮರ ಹತ್ತುವುದು, ಈಜುವುದು ಎಲ್ಲದರಲ್ಲೂ ಮುಂದು. ಮನೆಗೆ ಬಂದು ಬಟ್ಟೆ ಹೊಲಿದುಕೊಡುತ್ತಿದ್ದ ದರ್ಜಿ ಹೆಂಗಸಿನ ಕೆಲಸವನ್ನು ಪಕ್ಕದಲ್ಲೇ ಕೂತು ನೋಡುತ್ತ, ತಾಯಿಯ ಫ್ಯಾಷನ್ ಪತ್ರಿಕೆಗಳಿಂದ ಕಾಗದದ ಗೊಂಬೆಗಳನ್ನು ಕತ್ತರಿಸುತ್ತ ಆಸಕ್ತಿ ಬೆಳೆಸಿಕೊಂಡರು. ತಂದೆಯ ಇಚ್ಛೆಯಂತೆ ಊರಿನ ಹುಡ್ ಕಾಲೇಜಿನಲ್ಲಿ ಗೃಹವಿಜ್ಞಾನಕ್ಕೆ ಸೇರಿ, ಅದು ರುಚಿಸದೆ, ನ್ಯೂಯಾರ್ಕಿನಲ್ಲಿ ಈಗ ಪಾರ್ಸನ್ಸ್ ಎಂದು ಹೆಸರಾಗಿರುವ ಕಲಾಶಾಲೆಗೆ ಹೋದರು.

ಆ ಶಾಲೆಯ ಪ್ಯಾರಿಸ್ ಶಾಖೆಯಲ್ಲಿ ಓದುತ್ತಿದ್ದಾಗ ಅವರೂ ಗೆಳತಿಯರೂ ಮಾಡಿದ ಒಂದು ಕೆಲಸ ನನಗೆ ಬಹಳ ಮುಖ್ಯವೆನಿಸುತ್ತದೆ. ಮಾದೆಲೀನ್ ವಿಯೊನ್ನೆ ಅವರಂಥ ದೊಡ್ಡ ವಿನ್ಯಾಸಕಿಯರ ಮಾದರಿ ಉಡುಪುಗಳನ್ನು ಕಡಿಮೆ ಬೆಲೆಯ ಮಾರಾಟದಲ್ಲಿ ಕೊಂಡು, ಹೊಲಿಗೆಗಳನ್ನೆಲ್ಲ ಬಿಚ್ಚಿ, ತುಂಡುಗಳನ್ನು ಹರಡಿಕೊಂಡು, ಮತ್ತೆ ಜೋಡಿಸಿ ನೋಡುತ್ತಿದ್ದರು. ವಿಯೊನ್ನೆ ಬಟ್ಟೆಯನ್ನು ಓರೆಯಾಗಿ, ಅಂದರೆ ನಮ್ಮ ದರ್ಜಿಗಳು ಕ್ರಾಸ್ ಎನ್ನುವ ಹಾಗೆ, ಕತ್ತರಿಸುವುದರಲ್ಲಿ ನಿಪುಣೆ. ಹಾಗೆ ಕತ್ತರಿಸಿದ ಬಟ್ಟೆ ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಕುಗ್ಗುತ್ತದೆ, ಮೈಯ ಚಲನೆಯ ಜೊತೆಗೇ ಸಾಗುತ್ತದೆ. ಉಡುಪನ್ನು ಬಿಚ್ಚಿ ಕಲಿತವರಿಗೆ ಅದು ಹೊರಗಿನಿಂದ ಹೇಗೆ ಕಾಣುತ್ತದೆ ಎನ್ನುವುದಕ್ಕಿಂತ ಒಳಗೆ ಹೇಗೆ ಕೆಲಸ ಮಾಡುತ್ತದೆ ಎನ್ನುವುದು ಮೊದಲು ಕಾಣುತ್ತದೆ. ಮೆಕ್‌ಕಾರ್ಡೆಲ್ ಅವರ ಕಣ್ಣು ಕೊನೆಯವರೆಗೂ ಹಾಗೇ ಉಳಿಯಿತು.

1928ರಲ್ಲಿ ಓದು ಮುಗಿದ ಮೇಲೆ ದೀಪದ ಹೊದಿಕೆಗಳ ಮೇಲೆ ಹೂವು ಬರೆಯುವಂಥ ಚಿಲ್ಲರೆ ಕೆಲಸಗಳಲ್ಲಿ ಕೆಲಕಾಲ ಕಳೆದು, ವಿನ್ಯಾಸಕ ರಾಬರ್ಟ್ ಟರ್ಕ್ ಅವರ ಸಹಾಯಕಿಯಾಗಿ, ಅವರ ಜೊತೆಯಲ್ಲೇ ಟೌನ್ಲಿ ಫ್ರಾಕ್ಸ್ ಎಂಬ ಕಂಪನಿಗೆ ಬಂದರು. 1932ರಲ್ಲಿ ಟರ್ಕ್ ನೀರಿನಲ್ಲಿ ಮುಳುಗಿ ತೀರಿಕೊಂಡಾಗ, ಅರ್ಧಕ್ಕೆ ನಿಂತಿದ್ದ ಸಂಗ್ರಹವನ್ನು ಪೂರೈಸುವ ಹೊಣೆ ಇಪ್ಪತ್ತೇಳು ವರ್ಷದ ಈ ಸಹಾಯಕಿಯ ಹೆಗಲಿಗೆ ಬಿತ್ತು.

‘ಮೊನಾಸ್ಟಿಕ್’ ಉಡುಪು ಎಂದರೇನು?

1938ರಲ್ಲಿ ಬಂದ, ಸೊಂಟದ ಹೊಲಿಗೆಯೇ ಇಲ್ಲದ ಉಡುಪು. ಹೆಗಲಿನಿಂದ ಸನ್ಯಾಸಿಯ ನಿಲುವಂಗಿಯಂತೆ ನೇರವಾಗಿ ಇಳಿಬಿದ್ದಿರುತ್ತಿತ್ತು. ಗೂಟಕ್ಕೆ ತೂಗುಹಾಕಿದಾಗ ಅದಕ್ಕೆ ಯಾವ ಆಕಾರವೂ ಇರುತ್ತಿರಲಿಲ್ಲ. ತೊಟ್ಟವಳು ಸೊಂಟಕ್ಕೆ ಪಟ್ಟಿಯನ್ನೋ ದಾರವನ್ನೋ ತನಗೆ ಬೇಕಾದಲ್ಲಿ, ಬೇಕಾದಷ್ಟು ಬಿಗಿಯಾಗಿ ಕಟ್ಟಿಕೊಂಡಾಗ ಮಾತ್ರ ಅದು ಉಡುಪಿನ ರೂಪಕ್ಕೆ ಬರುತ್ತಿತ್ತು.

ಈ ಸಣ್ಣ ಬದಲಾವಣೆಯ ಅರ್ಥ ದೊಡ್ಡದು. ಸಾಮಾನ್ಯವಾಗಿ ಸೊಂಟ ಎಲ್ಲಿರಬೇಕು, ಎಷ್ಟು ಸಣ್ಣಗಿರಬೇಕು ಎಂಬುದನ್ನು ಕಾರ್ಖಾನೆಯ ಅಳತೆಪಟ್ಟಿ ತೀರ್ಮಾನಿಸುತ್ತದೆ, ಆ ಅಳತೆಗೆ ಒಗ್ಗದ ಹೆಣ್ಣು ದೋಷ ತನ್ನ ಮೈಯಲ್ಲೇ ಇದೆಯೆಂದು ಕುಗ್ಗುತ್ತಾಳೆ. ಸೊಂಟದ ಹೊಲಿಗೆಯನ್ನು ತೆಗೆದುಹಾಕಿದ್ದರಿಂದ ಆ ತೀರ್ಮಾನ ತೊಡುವವಳ ಕೈಗೆ ಬಂತು. ಊಟವಾದ ಮೇಲೆ ಒಂದಿಷ್ಟು ಸಡಿಲಿಸಿಕೊಳ್ಳಬಹುದು, ಮೈ ತೂಕ ಏರಿಳಿದರೂ ಅದೇ ಉಡುಪು ಆಗುತ್ತದೆ.

ಉಡುಪು ಅಂಗಡಿಗೆ ಬಂದ ಕೂಡಲೇ ಖರ್ಚಾಯಿತು, ಅಷ್ಟೇ ಬೇಗ ಬೇರೆ ತಯಾರಕರು ನಕಲು ಮಾಡಿದರು. ನಕಲುಗಾರರ ವಿರುದ್ಧ ಹೋರಾಡುವ ವೆಚ್ಚದಲ್ಲಿ ಟೌನ್ಲಿ ಕಂಪನಿಯೇ ಬಾಗಿಲು ಹಾಕಬೇಕಾಯಿತು. ಮೆಕ್‌ಕಾರ್ಡೆಲ್ ಸ್ವಲ್ಪ ಕಾಲ ಹ್ಯಾಟಿ ಕಾರ್ನೆಗಿ ಅವರ ಉಡುಪು ಸಂಸ್ಥೆಯಲ್ಲಿ ಕೆಲಸ ಮಾಡಿದರಾದರೂ, ಅಲ್ಲಿನ ಶ್ರೀಮಂತ ಗಿರಾಕಿಗಳಿಗೆ ಅವರ ವಿನ್ಯಾಸಗಳು ತೀರಾ ಸಾದಾ ಎನಿಸಿದವು.

ಅವರ ಹೆಸರು ಉಡುಪಿನ ಮೇಲೆ ಬಂದದ್ದು ಯಾವಾಗ?

1940ರಲ್ಲಿ ಅಡಾಲ್ಫ್ ಕ್ಲೈನ್ ಎಂಬವರ ನೇತೃತ್ವದಲ್ಲಿ ಟೌನ್ಲಿ ಮತ್ತೆ ತೆರೆದಾಗ, ಮೆಕ್‌ಕಾರ್ಡೆಲ್ ಹಿಂದಿರುಗಿದರು. ಈ ಬಾರಿ ಉಡುಪಿನ ಚೀಟಿಯ ಮೇಲೆ ಅವರ ಹೆಸರೂ ಅಚ್ಚಾಯಿತು. ಅಮೆರಿಕದ ಸಿದ್ಧ ಉಡುಪಿನ ಉದ್ಯಮದಲ್ಲಿ ವಿನ್ಯಾಸಕರು ತೆರೆಮರೆಯಲ್ಲೇ ಉಳಿಯುತ್ತಿದ್ದ ಕಾಲವದು. ಹೆಸರು ಮಾಲೀಕನದ್ದು, ಇಲ್ಲವೇ ಅಂಗಡಿಯದ್ದು. ಅದೇ ವರ್ಷ ಎರಡನೇ ಮಹಾಯುದ್ಧದಲ್ಲಿ ಪ್ಯಾರಿಸ್ ಜರ್ಮನ್ ಸೇನೆಯ ವಶವಾಗಿ ನಕಲು ಮಾಡಲು ಮೂಲವೇ ಇಲ್ಲದಂತಾದಾಗ, ಅಮೆರಿಕದ ಅಂಗಡಿಗಳು ತಮ್ಮಲ್ಲೇ ಇದ್ದ ವಿನ್ಯಾಸಕರತ್ತ ತಿರುಗಿದವು. ಲಾರ್ಡ್ ಅಂಡ್ ಟೇಲರ್ ಅಂಗಡಿಯ ಡೊರೊಥಿ ಶೇವರ್ 1930ರ ದಶಕದ ಆರಂಭದಿಂದಲೇ ಈ ದಿಕ್ಕಿನಲ್ಲಿ ದುಡಿಯುತ್ತಿದ್ದವರು. ಅವರು 1945ರಲ್ಲಿ ಆ ಸಂಸ್ಥೆಯ ಅಧ್ಯಕ್ಷೆಯೂ ಆದರು.

‘ಪಾಪ್‌ಓವರ್’ ಉಡುಪಿನ ಕಥೆ ಏನು?

1942. ಮನೆಗೆಲಸದ ಹೆಂಗಸರು ಹೆಚ್ಚಿನ ಸಂಬಳ ಸಿಗುವ ಯುದ್ಧ ಸಾಮಗ್ರಿಯ ಕಾರ್ಖಾನೆಗಳಿಗೆ ಹೊರಟುಹೋಗಿದ್ದರು. ಮಧ್ಯಮ ವರ್ಗದ ಗೃಹಿಣಿಯರು ತಮ್ಮ ಮನೆಯ ಕೆಲಸವನ್ನು ತಾವೇ ಮಾಡಿಕೊಳ್ಳಬೇಕಾಗಿ ಬಂತು. ಕಸ ಗುಡಿಸುವಾಗಲೂ ತೊಡಬಹುದಾದ, ಬಾಗಿಲು ತಟ್ಟಿದರೆ ಹಾಗೇ ಎದ್ದು ಹೋಗಿ ಅತಿಥಿಯನ್ನು ಎದುರುಗೊಳ್ಳಬಹುದಾದ ಉಡುಪೊಂದು ಬೇಕೆಂದು ಹಾರ್ಪರ್ಸ್ ಬಜಾರ್ ಪತ್ರಿಕೆ ಕೇಳಿತು. ಅದಕ್ಕೆ ಉತ್ತರವಾಗಿ ಮೆಕ್‌ಕಾರ್ಡೆಲ್ ರೂಪಿಸಿದ್ದೇ ಪಾಪ್‌ಓವರ್.

ಅದನ್ನು ಹತ್ತಿರದಿಂದ ನೋಡೋಣ. ಬಟ್ಟೆ ಡೆನಿಮ್, ಆ ಕಾಲಕ್ಕೆ ಗಣಿ ಕಾರ್ಮಿಕರದ್ದು, ರೈತರದ್ದು. ಮುಂಭಾಗದಲ್ಲಿ ಒಂದು ಪದರದ ಮೇಲೆ ಇನ್ನೊಂದು ಪದರ ಹಾಯ್ದು ಸುತ್ತಿಕೊಳ್ಳುತ್ತದೆ, ತಲೆಯ ಮೇಲಿಂದ ಎಳೆದುಕೊಳ್ಳುವ ಗೋಜಿಲ್ಲ, ಬೆನ್ನಿಗೆ ಕೈ ಚಾಚುವ ಗೋಜೂ ಇಲ್ಲ. ತೋಳುಗಳು ಮಡಚಿಕೊಳ್ಳುವಷ್ಟು ಸಡಿಲ. ಪಕ್ಕದಲ್ಲಿ ಅಂಗೈ ಪೂರ್ತಿ ಇಳಿಯುವಷ್ಟು ದೊಡ್ಡ ಜೇಬು. ಉಡುಪಿನ ಜೊತೆಗೇ, ಬಿಸಿ ಪಾತ್ರೆ ಹಿಡಿಯಲು ಹತ್ತಿ ತುಂಬಿ ಹೊಲಿದ ಕೈಗವಸು. ಹೊಲಿಗೆಗಳನ್ನು ಮರೆಮಾಚುವ ಬದಲು ಕೆಲಸದ ಬಟ್ಟೆಯಲ್ಲಿರುವಂತೆ ಜೋಡಿ ಸಾಲಾಗಿ, ಎದ್ದು ಕಾಣುವಂತೆ ಹಾಕಲಾಗಿತ್ತು.

ಬೆಲೆ 6 ಡಾಲರ್ 95 ಸೆಂಟ್. ಮೊದಲ ಋತುವಿನಲ್ಲೇ 75,000 ಉಡುಪುಗಳು ಮಾರಾಟವಾದವು. ಆಮೇಲೆ ಮೆಕ್‌ಕಾರ್ಡೆಲ್ ಪ್ರತಿ ಸಂಗ್ರಹದಲ್ಲೂ ಪಾಪ್‌ಓವರಿನ ಒಂದಲ್ಲ ಒಂದು ರೂಪವನ್ನು ಉಳಿಸಿಕೊಂಡರು. ಅದೇ ಕತ್ತರಿಕೆ ಕಡಲತೀರದ ಮೇಲುಡುಪಾಯಿತು, ಸಂಜೆಯ ಉಡುಪೂ ಆಯಿತು.

ಅದು ಹೆಣ್ಣನ್ನು ಮತ್ತೆ ಅಡುಗೆಮನೆಗೇ ಕಟ್ಟಿಹಾಕಲಿಲ್ಲವೇ?

ಈ ಪ್ರಶ್ನೆ ನ್ಯಾಯವಾದದ್ದು. ಕೈಗವಸಿನ ಸಮೇತ ಬಂದ ಉಡುಪನ್ನು ಬಿಡುಗಡೆಯ ಸಂಕೇತವೆಂದು ಕರೆಯಲು ನನಗೂ ಒಮ್ಮೆಲೇ ಮನಸ್ಸು ಬರುವುದಿಲ್ಲ. ಮನೆಗೆಲಸ ಯಾರದ್ದು ಎಂಬ ಪ್ರಶ್ನೆಯನ್ನು ಪಾಪ್‌ಓವರ್ ಎತ್ತಲೇ ಇಲ್ಲ, ಅದು ಹೆಂಗಸಿನದ್ದೇ ಎಂದು ಒಪ್ಪಿಕೊಂಡೇ ಮುಂದುವರಿಯಿತು.

ಆದರೂ ಆ ಉಡುಪಿನಲ್ಲಿ ಒಂದು ಗೌರವವಿದೆ. ಮನೆಗೆಲಸದ ಬಟ್ಟೆ ಎಂದರೆ ಹಳೆಯದು, ಮಾಸಿದ್ದು, ಯಾರಾದರೂ ಬಂದರೆ ನಾಚಿ ಒಳಗೆ ಓಡಬೇಕಾದದ್ದು ಎಂಬ ಭಾವನೆ ಇದ್ದಲ್ಲಿ, ದುಡಿಯುವ ಮೈಗೂ ಚೆನ್ನಾಗಿ ಯೋಚಿಸಿ ಕತ್ತರಿಸಿದ ಬಟ್ಟೆ ಸಲ್ಲಬೇಕು ಎಂದು ಅದು ಸಾರಿತು. ಒಬ್ಬಳು ಬೆವರುತ್ತ ಕೆಲಸ ಮಾಡುತ್ತಿರುವಾಗಲೂ ಬಾಗಿಲಿನಲ್ಲಿ ತಲೆಯೆತ್ತಿ ನಿಲ್ಲಬಲ್ಲಳು ಎಂಬುದು ಸಣ್ಣ ಸಂಗತಿಯೆಂದು ನನಗನಿಸುವುದಿಲ್ಲ. ಅಡುಗೆಮನೆಯಲ್ಲಿ ಹುಟ್ಟಿದ ಆ ಕತ್ತರಿಕೆ ಅಲ್ಲೇ ಉಳಿಯಲಿಲ್ಲ ಎಂಬುದನ್ನೂ ಗಮನಿಸಬೇಕು.

ಜೇಬಿನ ಬಗ್ಗೆ ಇಷ್ಟೊಂದು ಮಾತೇಕೆ?

ಜೇಬಿಲ್ಲದವಳ ಕೈ ಎಂದೂ ಖಾಲಿ ಇರುವುದಿಲ್ಲ. ಹಣ, ಬೀಗದ ಕೈ, ಕರವಸ್ತ್ರ ಇವುಗಳನ್ನು ಒಂದು ಚೀಲದಲ್ಲಿ ಹಿಡಿದಿರಬೇಕು, ಆ ಚೀಲವನ್ನು ಎಲ್ಲಿಟ್ಟೆ ಎಂಬ ಚಿಂತೆಯನ್ನು ತಲೆಯಲ್ಲಿ ಹೊತ್ತಿರಬೇಕು, ಇಲ್ಲವಾದರೆ ಜೊತೆಯಲ್ಲಿರುವ ಗಂಡಸಿನ ಜೇಬಿಗೆ ಕೊಟ್ಟು ಆತನ ಬಳಿಯೇ ಇರಬೇಕು. ಗಂಡಸಿನ ಉಡುಪಿನಲ್ಲಿ ಜೇಬು ಪ್ರಶ್ನೆಯಿಲ್ಲದೆ ಬರುತ್ತದೆ. ಹೆಣ್ಣಿನ ಉಡುಪಿನಲ್ಲಿ ಮಾತ್ರ ಅದು ಆಕಾರ ಕೆಡಿಸುತ್ತದೆ ಎಂಬ ನೆಪದಲ್ಲಿ ಬಿಟ್ಟುಹೋಗುತ್ತದೆ.

ನೆಪದಲ್ಲಿ ಅರ್ಧ ಸತ್ಯವಿದೆ. ತೆಳುವಾದ ಬಟ್ಟೆಯ ಪಕ್ಕದ ಹೊಲಿಗೆಯಲ್ಲಿ ಜೇಬಿಟ್ಟು ಅದರಲ್ಲಿ ಬೀಗದ ಕೈ ಹಾಕಿದರೆ, ಹೊಲಿಗೆ ಜಗ್ಗಿ, ಸೊಂಟದ ಬಳಿ ಸುಕ್ಕು ಬಿದ್ದು, ಲಂಗದ ಅಂಚು ಒಂದು ಕಡೆ ಇಳಿಯುತ್ತದೆ. ಹಾಗಾಗದಂತೆ ನೋಡಿಕೊಳ್ಳಬೇಕಾದರೆ ಬಟ್ಟೆ ಗಟ್ಟಿಯಾಗಿರಬೇಕು, ಇಲ್ಲವೇ ಜೇಬಿನ ಭಾರವನ್ನು ಸೊಂಟಪಟ್ಟಿ ಹೊರುವಂತೆ ಒಳಗಿನಿಂದ ಸಿಕ್ಕಿಸಬೇಕು, ಇಲ್ಲವೇ ಲಂಗದಲ್ಲಿ ಆ ಬೀಗದ ಕೈ ಮರೆಯಾಗುವಷ್ಟು ಧಾರಾಳ ನೆರಿಗೆ ಇರಬೇಕು. ಅಂದರೆ ಜೇಬನ್ನು ಕೊನೆಯಲ್ಲಿ ಅಂಟಿಸಲಾಗದು, ಉಡುಪನ್ನು ಕಲ್ಪಿಸುವಾಗಲೇ ಯೋಚಿಸಬೇಕು. ಮೆಕ್‌ಕಾರ್ಡೆಲ್ ಮಾಡಿದ್ದು ಅದನ್ನೇ. ಹಗಲಿನ ಉಡುಪಿಗೂ ಸಂಜೆಯ ಉಡುಪಿಗೂ ಅವರು ಜೇಬಿಟ್ಟರು. ಆ ಕಾಲದ ಛಾಯಾಚಿತ್ರಗಳಲ್ಲಿ ಅವರ ಉಡುಪು ತೊಟ್ಟ ರೂಪದರ್ಶಿಯರು ಜೇಬಿನಲ್ಲಿ ಕೈ ಇಳಿಬಿಟ್ಟು, ಹೆಗಲನ್ನು ಸಡಿಲಿಸಿ ನಿಂತಿರುವುದನ್ನು ನೋಡಿದರೆ, ಉಡುಪು ನಿಲ್ಲುವ ಭಂಗಿಯನ್ನೇ ಹೇಗೆ ಬದಲಿಸುತ್ತದೆ ಎಂಬುದು ಅರ್ಥವಾಗುತ್ತದೆ.

ಕೊಕ್ಕೆಗಳ ವಿಷಯದಲ್ಲೂ ಹೀಗೆಯೇ. ಹಿತ್ತಾಳೆಯ ದೊಡ್ಡ ಕೊಕ್ಕೆಗಳನ್ನು ಅವರು ಮುಂಭಾಗದಲ್ಲೋ ಪಕ್ಕದಲ್ಲೋ, ಎಲ್ಲರಿಗೂ ಕಾಣುವಂತೆ ಇಟ್ಟರು. ತೆಳ್ಳಗಿನ ಉದ್ದನೆಯ ಕಸೆಗಳನ್ನು ಇಟ್ಟು, ಹೇಗೆ ಬೇಕಾದರೂ ಸುತ್ತಿ ಕಟ್ಟಿಕೊಳ್ಳಿ ಎಂದು ಬಿಟ್ಟರು. ಬೇರೊಬ್ಬರ ಕೈಯ ನೆರವಿಲ್ಲದೆ ಉಡುಪು ತೊಡಲು ಬರಬೇಕು ಎಂಬ ಒಂದೇ ಯೋಚನೆ ಈ ಎಲ್ಲದರ ಹಿಂದೆ ಇದೆ.

ಯುದ್ಧಕಾಲದ ಅಭಾವ ಅವರ ಕೆಲಸಕ್ಕೆ ಅಡ್ಡಿಯಾಗಲಿಲ್ಲವೇ?

1942ರಲ್ಲಿ ಅಮೆರಿಕದ ಯುದ್ಧ ಉತ್ಪಾದನಾ ಮಂಡಳಿ ಎಲ್-85 ಎಂಬ ಆದೇಶ ಹೊರಡಿಸಿ, ಹೆಂಗಸರ ಉಡುಪಿನ ಉದ್ದ, ಲಂಗದ ಸುತ್ತಳತೆ, ಅಂಚಿನ ಮಡಿಕೆ ಮೊದಲಾದವುಗಳಿಗೆ ಮಿತಿ ಹಾಕಿತು. ಲೋಹ ಯುದ್ಧಕ್ಕೆ ಹೋದದ್ದರಿಂದ ಜಿಪ್ ಕೂಡ ದುರ್ಲಭವಾಯಿತು. ಅಲಂಕಾರವನ್ನೇ ನೆಚ್ಚಿಕೊಂಡಿದ್ದವರಿಗೆ ಇದು ಪೆಟ್ಟಾಯಿತು. ಜಿಪ್ ಇಲ್ಲದೆ ಸುತ್ತಿ ಕಟ್ಟುವ ಉಡುಪನ್ನು ರೂಢಿಸಿಕೊಂಡಿದ್ದ ಮೆಕ್‌ಕಾರ್ಡೆಲ್ ಅವರಿಗೆ ಅಷ್ಟಾಗಿ ತಟ್ಟಲಿಲ್ಲ. ಚೌಕಳಿಯ ಹತ್ತಿಬಟ್ಟೆ, ಹಾಸಿಗೆಗೆ ಬಳಸುವ ಪಟ್ಟೆಬಟ್ಟೆ, ಡೆನಿಮ್, ಉಣ್ಣೆಯ ಜೆರ್ಸಿ (ಹೆಣೆದು ಮಾಡಿದ, ಹಿಗ್ಗುವ ಬಟ್ಟೆ) ಇವೇ ಅವರ ಸಾಮಗ್ರಿ.

ಪಾದರಕ್ಷೆಯ ಪ್ರಸಂಗ ಇನ್ನೂ ಚೆಂದ. 1943ರಲ್ಲಿ ಚರ್ಮದ ಪಾದರಕ್ಷೆಗಳಿಗೆ ಪಡಿತರ ಬಂದಾಗ, ನೃತ್ಯಗಾರರು ತೊಡುವ ಬ್ಯಾಲೆ ಪಾದರಕ್ಷೆಗಳು ಅದರ ವ್ಯಾಪ್ತಿಯಿಂದ ಹೊರಗಿದ್ದವು. ಮೆಕ್‌ಕಾರ್ಡೆಲ್ ಕೆಪೆಜಿಯೊ ಕಂಪನಿಯಿಂದ ಅಂಥ ಪಾದರಕ್ಷೆಗಳನ್ನು ತಮ್ಮ ಉಡುಪಿಗೆ ಹೊಂದುವ ಬಟ್ಟೆಯಲ್ಲಿ, ಬೀದಿಯಲ್ಲಿ ನಡೆಯಲು ತಕ್ಕ ಅಟ್ಟೆ ಹಾಕಿಸಿ ಮಾಡಿಸಿದರು. ಹೆಂಗಸರು ಎತ್ತರದ ಹಿಮ್ಮಡಿ ಬಿಟ್ಟು ನೆಲಕ್ಕೆ ಕಾಲೂರಿ ನಡೆದರು.

ಬಿಡಿ ಉಡುಪುಗಳನ್ನು ಜೋಡಿಸಿ ತೊಡುವ ರೂಢಿ ಅವರಿಂದ ಬಂದದ್ದೇ?

ಅವರೊಬ್ಬರಿಂದಲೇ ಎಂದರೆ ಅತಿಶಯವಾದೀತು. ಆದರೆ 1934ರಷ್ಟು ಹಿಂದೆಯೇ ಅವರು ಉಣ್ಣೆಯ ಜೆರ್ಸಿಯಲ್ಲಿ ಒಂದಕ್ಕೊಂದು ಹೊಂದುವ ಐದು ಬಿಡಿ ಉಡುಪುಗಳನ್ನು ರೂಪಿಸಿದರು: ಎರಡು ಬಗೆಯ ಮೇಲಂಗಿ, ಒಂದು ಉದ್ದ ಲಂಗ, ಒಂದು ಗಿಡ್ಡ ಲಂಗ, ಒಂದು ಲಂಗದಂಥ ಪ್ಯಾಂಟು. ದೊಡ್ಡ ಪೆಟ್ಟಿಗೆಗಳನ್ನು ಹೊರಲು ಆಳಿಲ್ಲದೆ ಪ್ರಯಾಣ ಮಾಡುವವಳಿಗೆ ಒಂದು ಕೈಚೀಲದಲ್ಲಿ ಒಂದು ವಾರದ ಉಡುಗೆ ಹಿಡಿಯಬೇಕು ಎಂಬುದು ಅದರ ಲೆಕ್ಕ. ಜೆರ್ಸಿ ಮಡಚಿಟ್ಟರೂ ಸುಕ್ಕಾಗುವುದು ಕಡಿಮೆ. ಅಂಗಡಿಯವರಿಗೆ ಮಾತ್ರ ಬಿಡಿಬಿಡಿಯಾಗಿ ಮಾರುವುದು ಹೇಗೆಂದು ಆಗ ತಿಳಿಯಲಿಲ್ಲ. ದಶಕಗಳ ನಂತರ ಅದು ಎಲ್ಲೆಡೆಯ ರೂಢಿಯಾಯಿತು.

ಶನೆಲ್ ಇದನ್ನೆಲ್ಲ ಮೊದಲೇ ಮಾಡಿರಲಿಲ್ಲವೇ?

ಜೆರ್ಸಿಯನ್ನು ಹೆಂಗಸರ ಹೊರ ಉಡುಪಿಗೆ ತಂದು, ಬಿಗಿತವನ್ನು ಸಡಿಲಿಸಿದ ಕೀರ್ತಿ 1910ರ ದಶಕದಿಂದ ದುಡಿದ ಫ್ರೆಂಚ್ ವಿನ್ಯಾಸಕಿ ಗಾಬ್ರಿಯೆಲ್ ಶನೆಲ್ ಅವರಿಗೆ ಸಲ್ಲುತ್ತದೆ. ವ್ಯತ್ಯಾಸವಿರುವುದು ಉಡುಪು ತಲುಪಿದವರಲ್ಲಿ. ಶನೆಲ್ ಅವರ ಉಡುಪು ಒಬ್ಬೊಬ್ಬ ಗಿರಾಕಿಯ ಅಳತೆಗೆ ಪ್ಯಾರಿಸ್ಸಿನ ಕಾರ್ಯಾಗಾರದಲ್ಲಿ ತಯಾರಾಗುತ್ತಿತ್ತು. ಮೆಕ್‌ಕಾರ್ಡೆಲ್ ಕಾರ್ಖಾನೆಯ ಯಂತ್ರಕ್ಕೆ ಒಗ್ಗುವ ಕತ್ತರಿಕೆಯನ್ನೇ ಯೋಚಿಸಿದ್ದರಿಂದ, ಸಂಬಳ ಎಣಿಸಿ ಖರ್ಚು ಮಾಡುವವಳಿಗೂ ಆ ಸ್ವಾತಂತ್ರ್ಯ ಎಟುಕಿತು.

1947ರಲ್ಲಿ ಡಿಯೋರ್ ತಂದ ‘ನ್ಯೂ ಲುಕ್’ ಮುಂದೆ ಅವರು ಏನು ಮಾಡಿದರು?

ಪ್ಯಾರಿಸ್ಸಿನ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಆ ವರ್ಷ ಸಣ್ಣ ಸೊಂಟ, ಒಳಗೆ ತುಂಬಿದ ಮೆತ್ತೆ, ಗಜಗಟ್ಟಲೆ ಬಟ್ಟೆಯ ಲಂಗ ಇವನ್ನೆಲ್ಲ ಮರಳಿ ತಂದಾಗ, ಯುದ್ಧದ ಬಡತನದಿಂದ ಬೇಸತ್ತಿದ್ದ ಜಗತ್ತು ಅದಕ್ಕೆ ಮನಸೋತಿತು. ಆ ಸೊಂಟಕ್ಕಾಗಿ ಹೆಂಗಸರು ಮತ್ತೆ ಬಿಗಿ ಒಳ ಉಡುಪಿಗೆ ಮರಳಿದರು. ಮೆಕ್‌ಕಾರ್ಡೆಲ್ ಉದ್ದ ಲಂಗ, ತುಂಬು ನೆರಿಗೆಗಳನ್ನು ಸ್ವೀಕರಿಸಿದರು; ಒಳಗಿನ ಕಟ್ಟುಪಟ್ಟಿಗಳನ್ನು ಸ್ವೀಕರಿಸಲಿಲ್ಲ. ಮೃದುವಾದ ಬಟ್ಟೆಯನ್ನು ಕಸೆಯಿಂದ ಸೊಂಟಕ್ಕೆ ಬಿಗಿದು, ಅದೇ ಆಕಾರವನ್ನು ಉಸಿರಾಟಕ್ಕೆ ಎಡೆಯಿರುವಂತೆ ಸಾಧಿಸಿದರು. ನನ್ನ ದೃಷ್ಟಿಯಲ್ಲಿ ಅವರ ಪಕ್ವತೆ ಹೆಚ್ಚು ಕಾಣುವುದು ಇಲ್ಲೇ.

ಸ್ವಂತ ಬದುಕಿನಲ್ಲಿ ಅವರು ಸ್ವತಂತ್ರರಾಗಿದ್ದರೇ?

1943ರಲ್ಲಿ ವಾಸ್ತುಶಿಲ್ಪಿ ಇರ್ವಿಂಗ್ ಹ್ಯಾರಿಸ್ ಅವರನ್ನು ಮದುವೆಯಾದ ಮೇಲೂ ತಮ್ಮ ಹೆಸರಿನಲ್ಲೇ ವೃತ್ತಿ ಮುಂದುವರಿಸಿದರು. 1944ರಲ್ಲಿ ಅಮೆರಿಕದ ಉಡುಪು ವಿನ್ಯಾಸಕರಿಗೆ ಕೊಡುತ್ತಿದ್ದ ‘ಕೋಟಿ’ (Coty) ಎಂಬ ಹೆಸರಿನ ಪ್ರಶಸ್ತಿ ಬಂತು. 1950ರಲ್ಲಿ ಮಹಿಳಾ ಪತ್ರಕರ್ತೆಯರ ರಾಷ್ಟ್ರೀಯ ಕ್ಲಬ್ಬಿನ ಗೌರವವನ್ನು ಅಧ್ಯಕ್ಷ ಟ್ರೂಮನ್ ಕೈಯಿಂದ ಪಡೆದರು. 1952ರಲ್ಲಿ, ಹಿಂದೆ ಸಹಾಯಕಿಯಾಗಿ ಕಾಲಿಟ್ಟಿದ್ದ ಟೌನ್ಲಿಗೆ ಪಾಲುದಾರರಾದರು. 1955ರ ಮೇ 2ರ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ತಮಗೆ ಬೇಕಾದದ್ದನ್ನೇ ವಿನ್ಯಾಸ ಮಾಡುವ ಹಕ್ಕನ್ನು ಅವರು ಗಳಿಸಿಕೊಂಡರು: ಹಿಮದಲ್ಲಿ ಜಾರಾಟ ಆಡುವಾಗ ಕಿವಿ ತಣ್ಣಗಾದದ್ದರಿಂದ ಉಣ್ಣೆಯ ಟೊಪ್ಪಿಗೆ ಸೇರಿಸಿದ ಉಡುಪು ಹುಟ್ಟಿತು. ತಮ್ಮ ಮೈಯ ಅನುಭವವನ್ನೇ ಅವರು ನಂಬಿದರು.

ಒಂದು ಉಡುಪು ನಿಜಕ್ಕೂ ಆತ್ಮವಿಶ್ವಾಸ ತರಬಲ್ಲದೇ?

ಸಂಬಳ, ಆಸ್ತಿಯ ಹಕ್ಕು, ಶಿಕ್ಷಣ ಇವುಗಳ ಜಾಗವನ್ನು ಉಡುಪು ತುಂಬಲಾರದು. ಹಾಗೆ ತುಂಬುತ್ತದೆಂದು ಹೇಳುವ ಜಾಹೀರಾತುಗಳನ್ನು ನಂಬಬಾರದು. ಆದರೆ ಉಡುಪು ಆತ್ಮವಿಶ್ವಾಸವನ್ನು ಕದಿಯಬಲ್ಲದು ಎಂಬುದು ತೊಟ್ಟವರಿಗೆಲ್ಲ ಗೊತ್ತು. ಸಭೆಯಲ್ಲಿ ಮಾತಾಡಲು ಎದ್ದು ನಿಂತವಳ ಗಮನದಲ್ಲಿ ಅರ್ಧ ಪಾಲು ಜಾರುವ ಹೆಗಲುಪಟ್ಟಿಯ ಮೇಲೆ, ಏರುವ ಲಂಗದ ಮೇಲೆ, ಬಿಚ್ಚಿಕೊಂಡೀತೆಂಬ ಗುಂಡಿಯ ಮೇಲೆ ಇದ್ದರೆ, ಮಾತಿಗೆ ಉಳಿಯುವುದು ಇನ್ನರ್ಧ ಮಾತ್ರ. ಮೆಕ್‌ಕಾರ್ಡೆಲ್ ಅವರ ದೊಡ್ಡ ಕೊಡುಗೆ ಆ ಅರ್ಧವನ್ನು ಹಿಂದಿರುಗಿಸಿದ್ದು. ತೊಟ್ಟ ಮೇಲೆ ಮರೆತುಬಿಡಬಹುದಾದ ಉಡುಪನ್ನು ಅವರು ಮಾಡಿದರು.

ಅವರ ಕೆಲಸ ಎಲ್ಲ ಹೆಂಗಸರನ್ನೂ ತಲುಪಿತೇ?

ಇಲ್ಲ. ಪತ್ರಿಕೆಗಳು ಅವರ ಉಡುಪನ್ನು ತೋರಿಸಿದ್ದು ಹೆಚ್ಚಾಗಿ ತೆಳ್ಳಗಿನ, ಬಿಳಿಯ, ಮಧ್ಯಮ ವರ್ಗದ ಹೆಂಗಸರ ಮೈಮೇಲೆ. ಪಾಪ್‌ಓವರ್ ಅಗ್ಗವಾಗಿತ್ತು, ಉಳಿದವುಗಳಲ್ಲಿ ಹಲವು ಅಷ್ಟು ಅಗ್ಗವಾಗಿರಲಿಲ್ಲ.

ಇಷ್ಟೆಲ್ಲ ಮಾಡಿದವರ ಹೆಸರು ಇಂದು ಅಷ್ಟಾಗಿ ಕೇಳಿಬರುವುದಿಲ್ಲವೇಕೆ?

ಕರುಳಿನ ಕ್ಯಾನ್ಸರಿನಿಂದ ಅವರು ತೀರಿಕೊಂಡಾಗ ವಯಸ್ಸು ಐವತ್ತೆರಡು. ಕೊನೆಯ ಸಂಗ್ರಹವನ್ನು ಕಲಾಶಾಲೆಯ ದಿನಗಳ ಗೆಳತಿ ಮಿಲ್ಡ್ರೆಡ್ ಆರಿಕ್ ಅವರ ನೆರವಿನಿಂದ ಆಸ್ಪತ್ರೆಯ ಹಾಸಿಗೆಯಲ್ಲೇ ಪೂರೈಸಿ, ಪ್ರದರ್ಶನದ ದಿನ ಆಸ್ಪತ್ರೆಯಿಂದ ಎದ್ದು ಬಂದು ತಾವೇ ಅದನ್ನು ಪರಿಚಯಿಸಿದರು. ಅವರ ನಂತರ ಆ ಹೆಸರಿನಲ್ಲಿ ಬೇರೆಯವರು ವಿನ್ಯಾಸ ಮಾಡುವುದು ಬೇಡವೆಂದು ಕುಟುಂಬ ನಿರ್ಧರಿಸಿತು. ಪ್ಯಾರಿಸ್ಸಿನ ಸಂಸ್ಥೆಗಳು ಸ್ಥಾಪಕರು ಹೋದ ಮೇಲೂ ಸುಗಂಧದ್ರವ್ಯ, ಕೈಚೀಲಗಳ ಮೂಲಕ ಹೆಸರನ್ನು ಜೀವಂತವಾಗಿ ಇರಿಸಿಕೊಂಡವು, ಇಲ್ಲಿ ಹಾಗಾಗಲಿಲ್ಲ. ಇನ್ನೊಂದು ಕಾರಣವೂ ಇದೆ. ಅವರು ತಂದದ್ದು ಎಷ್ಟು ಸಹಜವಾಗಿ ಬೆರೆತುಹೋಯಿತೆಂದರೆ, ಡೆನಿಮ್ ಉಡುಪಿಗೂ ಚಪ್ಪಟೆ ಪಾದರಕ್ಷೆಗೂ ಯಾರೋ ಒಬ್ಬರು ಮೊದಲು ದಾರಿ ಮಾಡಿಕೊಟ್ಟಿರಬಹುದು ಎಂಬ ಯೋಚನೆಯೇ ನಮಗೆ ಬರುವುದಿಲ್ಲ.

ಅವರ ಉಡುಪುಗಳನ್ನು ಈಗ ಎಲ್ಲಿ ನೋಡಬಹುದು?

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದ ಉಡುಪು ವಿಭಾಗದಲ್ಲಿ ಪಾಪ್‌ಓವರ್ ಸೇರಿದಂತೆ ಅವರ ಹಲವು ಉಡುಪುಗಳಿವೆ. ಮೇರಿಲ್ಯಾಂಡಿನ ಇತಿಹಾಸ ಕೇಂದ್ರವೂ ಅವರ ಉಡುಪುಗಳನ್ನು ಸಂಗ್ರಹಿಸಿಟ್ಟಿದೆ. ಹುಟ್ಟೂರಾದ ಫ್ರೆಡರಿಕ್‌ನಲ್ಲಿ 2021ರಲ್ಲಿ ಅವರ ಕಂಚಿನ ಪ್ರತಿಮೆಯೊಂದನ್ನು ನಿಲ್ಲಿಸಲಾಗಿದೆ. ಉಡುಪನ್ನು ಚಿತ್ರದಲ್ಲೇ ನೋಡುವುದಾದರೂ ಮೊದಲು ಪಕ್ಕದ ಹೊಲಿಗೆಯನ್ನು, ಆಮೇಲೆ ಕೊಕ್ಕೆಗಳಿರುವ ಜಾಗವನ್ನು ಗಮನಿಸಿ. ಬೆನ್ನಿನ ಕಡೆಯ ಚಿತ್ರ ಸಿಕ್ಕರೆ ಅದನ್ನೂ ಬಿಡಬೇಡಿ.